ಬ್ರೆಡ್ ವ್ಯಾನಿನ ಬಿಸಿಲು

ಫೆಬ್ರವರಿ 4, ಭಾನುವಾರ

ಈ ಕಥೆಯನ್ನು ಮೊದಲು ಹೇಳಿದವನು ನನ್ನ ಷಡ್ಡಕ. ಹೇಳಿದ್ದು ಇವತ್ತು ಮಧ್ಯಾಹ್ನ, ನಮ್ಮ ಮನೆಯಲ್ಲಿ, ಎರಡನೇ ಸಲ ಬಡಿಸಿಕೊಂಡ ಮೇಲೆ. ಮೊದಲನೇ ಸಲ ಬಡಿಸಿದಾಗ ಅವನು ಮಾತಾಡುವುದಿಲ್ಲ. ಬಾಯಿಗೆ ಬೇರೆ ಕೆಲಸ ಇರುತ್ತದೆ.

ಕಥೆ ಏನೆಂದರೆ, ಅವನು ಕಾರು ತೆಗೆದುಕೊಂಡು ಹೋಗಿ ಮೂರು ರಾತ್ರಿ ಬಯಲಿನಲ್ಲಿ ಕಳೆದನಂತೆ. ಮಡಚುವ ಸೋಲಾರ್ ಪ್ಯಾನೆಲ್ಲನ್ನು ಚಾಪೆಯ ಹಾಗೆ ಬಿಡಿಸಿಟ್ಟನಂತೆ. ಅದು ಹಗಲೆಲ್ಲ ಬಿಸಿಲು ಕುಡಿದು ಬ್ಯಾಟರಿಗೆ ಕೊಟ್ಟಿತಂತೆ. ರಾತ್ರಿಯೆಲ್ಲ ದೀಪ ಉರಿಯಿತಂತೆ, ಫ್ಯಾನು ತಿರುಗಿತಂತೆ, ಪುಟ್ಟ ಫ್ರಿಜ್ಜಿನ ನೀರು ಕುಡಿದರೆ ಹಲ್ಲು ಜುಮ್ಮೆಂದಿತಂತೆ. "ಸರ್ಕಾರದ ಕರೆಂಟು ಒಂದು ಚೂರೂ ಮುಟ್ಟಿಲ್ಲ ಭಾವ," ಎಂದ. ಸೂರ್ಯನೇ ಇವನ ಮನೆಗೆ ಬಂದು ತಂತಿ ಎಳೆದುಕೊಟ್ಟು ಹೋದ ಹಾಗಿತ್ತು ಗತ್ತು. ಇವತ್ತಿನಿಂದ ಅವನು ನನಗೆ ಸೂರ್ಯವಂಶದವನು.

ಕೇಳುತ್ತಿದ್ದವರು ನಾಲ್ಕು ಜನ. ನಾನು, ನನ್ನ ಹೆಂಡತಿ, ಅವಳ ತಂಗಿ, ಮತ್ತು ಅತ್ತೆಯವರು. ಅತ್ತೆಯವರು ಎಂದಿನಂತೆ ಕಿಟಕಿಯ ಪಕ್ಕ, ಮೂಗಿಗೆ ನಳಿಕೆ ಹಾಕಿಕೊಂಡು. ಆಕ್ಸಿಜನ್ ಮೆಷಿನ್ನು ಅವರ ಕಾಲ ಬಳಿ ಗುರ್ರ್ ಅನ್ನುತ್ತಾ ಕೂತಿರುತ್ತದೆ, ಸಾಕಿದ ಪ್ರಾಣಿಯ ಹಾಗೆ. ನಳಿಕೆ ಹದಿನೈದು ಅಡಿ. ಎರಡು ವರ್ಷದಿಂದ ಅತ್ತೆಯವರು ಓಡಾಡುವುದೂ ಅಷ್ಟೇ.

"ಅದರಲ್ಲಿ ನನ್ನ ಮೆಷಿನ್ನು ಓಡುತ್ತಾ ಕೇಳು," ಎಂದರು, ನನ್ನ ಹೆಂಡತಿಯ ಕಡೆ ತಿರುಗಿ.

"ಓಡದೆ ಏನು ಅತ್ತೆ? ಅಂಥ ಹತ್ತು ಮೆಷಿನ್ನು ಓಡುತ್ತೆ," ಎಂದ ಸೂರ್ಯವಂಶದವನು.

"ಹಾಗಾದ್ರೆ ಈ ಸಲ ನಾನು ಕೆರೆಗೆ ಹೋಗ್ಬೇಕು ಅಂತ ನಿನ್ನ ಯಜಮಾನರಿಗೆ ಹೇಳು."

ಯಜಮಾನರು ಮೂರು ಅಡಿ ದೂರದಲ್ಲಿ ಕೂತು ಊಟ ಮಾಡುತ್ತಿದ್ದರು. ಆದರೂ ಹೆಂಡತಿ ನನ್ನ ಕಡೆ ತಿರುಗಿ, "ಅಮ್ಮ ಕೆರೆಗೆ ಹೋಗ್ಬೇಕಂತೆ," ಎಂದಳು. ಇಪ್ಪತ್ತಾರು ವರ್ಷದಿಂದ ಹೀಗೇ ನಡೆದಿದೆ. ಅತ್ತೆಯವರು ನನ್ನನ್ನು ಬೈದದ್ದೇ ಇಲ್ಲ. ಬೈಯಬೇಕಾದರೂ ನೇರ ಮಾತಾಡಬೇಕಲ್ಲ.

ಫೆಬ್ರವರಿ 5, ಸೋಮವಾರ

ನಿವೃತ್ತಿಯ ದಿನ ಡಿಪೋದವರು ಒಂದು ಶಾಲು, ಒಂದು ಗಡಿಯಾರ, ಈ ಡೈರಿ ಕೊಟ್ಟರು. ಗಡಿಯಾರ ನಿಂತಿದೆ. ಶಾಲು ಷಡ್ಡಕನ ಹತ್ತಿರ ಇದೆ. ಉಳಿದದ್ದು ಇದೊಂದು, ಬರೆಯುತ್ತೇನೆ. ಮೂವತ್ತೊಂದು ವರ್ಷ ಬಸ್ಸು ಓಡಿಸಿ ದಿನಾ ಟ್ರಿಪ್ ಶೀಟ್ ತುಂಬಿದ ಕೈ, ಬರೆಯದಿದ್ದರೆ ತುರಿಸುತ್ತದೆ.

ಕೆರೆಯ ವಿಷಯ. ಅತ್ತೆಯವರು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. ಊರಿನವರನ್ನೆಲ್ಲ ಒಬ್ಬರಿಗೊಬ್ಬರು ಮಾತಾಡಿಸುವುದೇ ಕೆಲಸ. ಅಳಿಯನ ಹತ್ತಿರ ಮಾತಾಡಲು ಮಾತ್ರ ನಡುವೆ ಮಗಳೆಂಬ ಎಕ್ಸ್‌ಚೇಂಜು ಬೇಕು. ಅದಿರಲಿ. ಆ ಎಕ್ಸ್‌ಚೇಂಜಿನ ಹೆಂಗಸರು ಪ್ರತಿ ವರ್ಷ ಮಾರ್ಚ್ ಮೊದಲ ಶನಿವಾರ ಹಕ್ಕಿಗಳ ಕೆರೆಯ ದಂಡೆಗೆ ಗಾಡಿಗಳಲ್ಲಿ ಹೋಗಿ, ಒಂದು ರಾತ್ರಿ ಅಲ್ಲೇ ತಂಗಿ ಬರುತ್ತಾರೆ. ಮೊದಲು ಹತ್ತೊಂಬತ್ತು ಜನ ಇದ್ದರು. ಈಗ ಅತ್ತೆಯವರನ್ನು ಬಿಟ್ಟರೆ ಐದು. ಅವರಲ್ಲಿ ಹಿರಿಯರನ್ನು ಎಲ್ಲರೂ ಸೂಪರ್‌ವೈಸರಮ್ಮ ಎನ್ನುತ್ತಾರೆ. ಎಂಬತ್ತೊಂದು ವಯಸ್ಸು. ಬರುವ ತಿಂಗಳು ದೂರದ ಮೊಮ್ಮಗಳ ಮನೆಗೆ ಹೋಗಿ ನೆಲೆಸುತ್ತಾರಂತೆ. ಆಮೇಲೆ ಈ ಕೂಟ ಇಲ್ಲ. ಅತ್ತೆಯವರಿಗೆ ಎರಡು ವರ್ಷ ತಪ್ಪಿಹೋಗಿದೆ. ಇದೇ ಕೊನೆ.

ಕೆರೆಯ ದಂಡೆಯಲ್ಲಿ ಕರೆಂಟಿಲ್ಲ. ಹಕ್ಕಿಗಳಿಗೆ ತೊಂದರೆ ಎಂದು ಜನರೇಟರೂ ಇಲ್ಲ. ಸಂಜೆ ಆರಕ್ಕೆ ಗೇಟು ಹಾಕಿದರೆ ಬೆಳಗ್ಗೆ ಆರರವರೆಗೆ ಯಾರೂ ಇಂಜಿನ್ ಶುರು ಮಾಡುವ ಹಾಗಿಲ್ಲ, ಹಗಲಲ್ಲೂ ನಿಂತ ಗಾಡಿಯ ಇಂಜಿನ್ ಓಡುತ್ತಿರುವ ಹಾಗಿಲ್ಲ. ಮನುಷ್ಯರಿಗಾಗಿ ಇಷ್ಟು ಶಿಸ್ತಿನ ನಿಯಮ ನಾನು ಎಲ್ಲೂ ನೋಡಿಲ್ಲ.

ಹೆಂಡತಿ ಡಾಕ್ಟರಿಗೆ ಫೋನು ಮಾಡಿದಳು. ಬೇಡ ಅನ್ನುತ್ತಾರೆ, ನಾನು ಬಚಾವು ಎಂದು ಪಕ್ಕದಲ್ಲೇ ನಿಂತಿದ್ದೆ. ಡಾಕ್ಟರ್ ಹೇಳಿದ್ದು: ಎಚ್ಚರವಾಗಿ ಕೂತಿದ್ದರೆ ದಿನಕ್ಕೆ ನಾಲ್ಕು ಗಂಟೆ ನಳಿಕೆ ತೆಗೆದಿರಬಹುದು. ನಿದ್ದೆಯಲ್ಲಿ ಮಾತ್ರ ಒಂದು ನಿಮಿಷವೂ ತೆಗೆಯಬಾರದು. ಮೆಷಿನ್ನಿನ ಹೊಟ್ಟೆಯೊಳಗೆ ಎರಡು ಗಂಟೆಯ ಬ್ಯಾಟರಿ ಇದೆ, ಅದು ಆಸ್ಪತ್ರೆಗೆ ಓಡುವುದಕ್ಕೆ ಮೀಸಲು, ಬೇರೆ ಯಾವುದಕ್ಕೂ ಮುಟ್ಟಬಾರದು. "ಇಷ್ಟು ನೋಡ್ಕೊಳ್ಳೋದಾದ್ರೆ ಹೋಗಿ ಬರಲಿ ಪಾಪ," ಎಂದರಂತೆ.

ಪಾಪ ಎಂದದ್ದು ಅತ್ತೆಯವರಿಗೆ. ನನಗಲ್ಲ.

ಫೆಬ್ರವರಿ 9, ಶುಕ್ರವಾರ

ಷಡ್ಡಕನ ಸಾಮಾನು ಎರವಲು ಕೇಳಿದೆ. "ಅದು ಸೂಕ್ಷ್ಮದ್ದು ಭಾವ, ಕೈ ಬದಲಾದ್ರೆ ಕೆಡುತ್ತೆ," ಎಂದ. ನನ್ನ ಶಾಲು ಕೈ ಬದಲಾಗಿ ಎಷ್ಟು ಚೆನ್ನಾಗಿದೆ ನೋಡಬೇಕು.

ಇರಲಿ. ಬ್ಯಾಟರಿ ಎಂದರೆ ಏನೆಂದು ನನಗೆ ಇವನು ಹೇಳಿಕೊಡಬೇಕೆ? ಡಿಪೋಗೆ ಹೋದೆ. ಮೆಕ್ಯಾನಿಕ್ಕು, ನಾವೆಲ್ಲ ಗ್ರೀಸಣ್ಣ ಎನ್ನುವವನು, ಬಸ್ಸಿನಿಂದ ತೆಗೆದ ಒಂದು ಬ್ಯಾಟರಿ ಕೊಟ್ಟ. ಇಬ್ಬರು ಹಿಡಿದು ಎತ್ತಬೇಕು. ಐವತ್ತು ಜನ ಕೂತ ಬಸ್ಸನ್ನು ಚಳಿಗಾಲದ ಬೆಳಗ್ಗೆ ಒಂದೇ ಗುಟುಕಿಗೆ ಎಬ್ಬಿಸುವ ಬ್ಯಾಟರಿ. ಒಬ್ಬ ಮುದುಕಿಯ ಮೂಗಿಗೆ ಗಾಳಿ ಕೊಡಲಾರದೆ?

ನಡುಮನೆಯಲ್ಲಿ ಇಟ್ಟು ಪರೀಕ್ಷೆ ಮಾಡಿದೆ. ಇನ್ವರ್ಟರ್ ಜೋಡಿಸಿ ಮೆಷಿನ್ನು ಹಾಕಿದೆ. ಅತ್ತೆಯವರು ಗಡಿಯಾರ ನೋಡುತ್ತಾ ಕೂತರು. ಎರಡು ಗಂಟೆ ಐವತ್ತು ನಿಮಿಷಕ್ಕೆ ಕೀ ಕೀ ಎಂದು ಕೂಗಿಕೊಂಡಿತು. ನಡುಮನೆಯಲ್ಲೆಲ್ಲ ಕೊಳೆತ ಮೊಟ್ಟೆಯ ವಾಸನೆ. ಹೆಂಡತಿ ಎಲ್ಲ ಕಿಟಕಿ ತೆಗೆದು, ನನ್ನನ್ನೂ ಬ್ಯಾಟರಿಯನ್ನೂ ಅಂಗಳಕ್ಕೆ ಕಳಿಸಿದಳು.

"ಬಸ್ಸು ಹೊರಡಿಸೋದು ಬೇರೆ, ರಾತ್ರಿಯಿಡೀ ಕಾಯೋದು ಬೇರೆ ಅಂತ ನಿನ್ನ ಯಜಮಾನರಿಗೆ ಹೇಳು," ಎಂದರು ಅತ್ತೆಯವರು.

ಹೆಂಡತಿ ಹೇಳಿದಳು. ನನಗೆ ಎರಡು ಸಲ ಕೇಳಿಸಿತು.

ಫೆಬ್ರವರಿ 11, ಭಾನುವಾರ

ಷಡ್ಡಕ ಬಂದಿದ್ದ. ಬಸ್ಸಿನ ಬ್ಯಾಟರಿಯ ವಿಷಯ ಕೇಳಿದ. ನಕ್ಕ. ಉಂಡ. ಹೋದ.

ಫೆಬ್ರವರಿ 13, ಮಂಗಳವಾರ

ಪೇಟೆಯ ಕೊನೆಯ ಬ್ಯಾಟರಿ ಅಂಗಡಿಗೆ ಹೋದೆ. ನಡೆಸುವವಳು ಒಬ್ಬ ಹೆಂಗಸು. ತುರುಬಿನಲ್ಲಿ ಪೆನ್ಸಿಲ್ಲು ಸಿಕ್ಕಿಸಿಕೊಂಡಿರುತ್ತಾಳೆ, ಮಾತಾಡುವಾಗ ಎದುರಿನವನು ಶಾಲೆ ಬಿಟ್ಟ ಹುಡುಗ ಎನ್ನುವ ಹಾಗೆ ನೋಡುತ್ತಾಳೆ.

"ಏನು ಓಡಿಸ್ಬೇಕಣ್ಣಾ?"

"ಅತ್ತೇನ," ಎಂದೆ.

ನಗಲಿಲ್ಲ. ಮೆಷಿನ್ನಿನ ಬೆನ್ನಿನ ಚೀಟಿಯ ಫೋಟೋ ನೋಡಿದಳು, ಪೆನ್ಸಿಲ್ಲು ತೆಗೆದಳು. ಗಂಟೆಗೆ ಎಪ್ಪತ್ತು ವ್ಯಾಟು ಬೇಕು, ನೀವು ತಗೊಳ್ಳೋ ಈ ಬ್ಯಾಟರಿ ಪೆಟ್ಟಿಗೆಯಲ್ಲಿ ಸಾವಿರದಿನ್ನೂರು ಇರುತ್ತೆ, ಭಾಗಿಸಿ ಎಂದಳು. ಹದಿನೇಳು ಗಂಟೆ. ಬಸ್ಸಿನ ಬ್ಯಾಟರಿ ಒಂದೇ ಸಲ ಜೋರಾಗಿ ಒದೆಯುವುದಕ್ಕೆ ಹುಟ್ಟಿದ್ದು, ಇದು ನಿಧಾನಕ್ಕೆ ಕೊಡುವುದಕ್ಕೆ ಹುಟ್ಟಿದ್ದು. ಇನ್ವರ್ಟರ್ ಬೇಡವೇ ಬೇಡ, ಪೆಟ್ಟಿಗೆಯ ಕರೆಂಟನ್ನು ಮನೆಯ ಕರೆಂಟು ಮಾಡಿ ಮೆಷಿನ್ನು ಮತ್ತೆ ಅದನ್ನು ಇಳಿಸಿಕೊಳ್ಳುವಷ್ಟರಲ್ಲಿ ಒಂದು ಪಾಲು ದಾರಿಯಲ್ಲೇ ಹೋಗುತ್ತದೆ, ಕಾರಿನ ಸಾಕೆಟ್ಟಿನ ವೈರಿನಿಂದ ನೇರ ಕೊಡಿ ಎಂದಳು. ನೇರವಾಗಿ ಕೊಟ್ಟರೆ ನಷ್ಟ ಕಡಿಮೆಯಂತೆ. ನಮ್ಮ ಮನೆಯಲ್ಲಿ ಇದನ್ನು ಯಾರೂ ಒಪ್ಪುವುದಿಲ್ಲ.

ಆಮೇಲೆ ಮಡಚುವ ಪ್ಯಾನೆಲ್ಲು ಕೊಟ್ಟಳು, ಇನ್ನೂರು ವ್ಯಾಟಿನದು. ವೈರು ಹತ್ತೇ ಅಡಿ. ಉದ್ದದ್ದು ಕೊಡು ಎಂದರೆ, "ವೈರು ಉದ್ದ ಆದಷ್ಟೂ ಕರೆಂಟು ಸವೆಯುತ್ತೆ, ಗಾಡಿ ಬಿಸಿಲಿಗೆ ತನ್ನಿ," ಎಂದಳು. ಒಂದು ಮೂಲೆಗೆ ನೆರಳು ಬಿದ್ದರೂ ಇಡೀ ಪ್ಯಾನೆಲ್ಲು ಮುನಿಸಿಕೊಳ್ಳುತ್ತದೆ, ಗಂಟೆಗೊಂದು ಸಲ ಸೂರ್ಯನ ಕಡೆ ತಿರುಗಿಸಬೇಕು ಎಂದೂ ಎರಡು ಸಲ ಹೇಳಿದಳು. ಮೂವತ್ತೊಂದು ವರ್ಷ ಸೂರ್ಯನ ಎದುರು ಕಣ್ಣು ಕಿರಿದು ಮಾಡಿಕೊಂಡು ಬಸ್ಸು ಓಡಿಸಿದವನಿಗೆ ಅವನು ಎಲ್ಲಿದ್ದಾನೆಂದು ಹೇಳಿಕೊಡುತ್ತಾಳೆ. ಹೂಂ ಎಂದೆ.

ಫೆಬ್ರವರಿ 17, ಶನಿವಾರ

ಹೆಂಡತಿ ಶಾಲೆಯ ಕಚೇರಿಯಲ್ಲಿ ಗುಮಾಸ್ತೆ. ಪರೀಕ್ಷೆಯ ಕಾಲ, ಶನಿವಾರವೂ ಹೋಗುತ್ತಾಳೆ. ಮಾರ್ಚ್ ಎರಡಕ್ಕೂ ರಜೆ ಸಿಗುವುದಿಲ್ಲವಂತೆ. ಎಂದರೆ ಕೆರೆಗೆ ಹೋಗುವವರು ನಾನೂ ಅತ್ತೆಯವರೂ ಇಬ್ಬರೇ. ಒಳ್ಳೆಯ ಜೋಡಿ.

ಇವತ್ತು ಪೆಟ್ಟಿಗೆಯ ಪರೀಕ್ಷೆ. ಅಂಗಳದಲ್ಲಿ ಪ್ಯಾನೆಲ್ಲು, ನಡುಮನೆಯಲ್ಲಿ ಪೆಟ್ಟಿಗೆ. ಪೆಟ್ಟಿಗೆಯ ಮೇಲೊಂದು ಚಿಕ್ಕ ಪರದೆ, ನೂರರಲ್ಲಿ ಎಷ್ಟು ಉಳಿದಿದೆ ಎಂದು ತೋರಿಸುತ್ತದೆ. ನನ್ನ ಕನ್ನಡಕಕ್ಕೆ ಅದು ಇರುವೆಯ ಕಾಲಿನ ಹಾಗೆ ಕಾಣಿಸಿತು.

"ತೊಂಬತ್ನಾಲ್ಕು," ಎಂದರು ಅತ್ತೆಯವರು.

ಅವರು ಹಳೆಯ ನೋಟ್‌ಬುಕ್ಕು ತೆಗೆದು, ಗೆರೆ ಹಾಕಿ, ಅರ್ಧ ಗಂಟೆಗೊಮ್ಮೆ ಬರೆಯತೊಡಗಿದರು. ಹೊತ್ತು, ಉಳಿದದ್ದು, ಷರಾ.

"ಷರಾ ಯಾಕೆ?" ಎಂದೆ.

"ಬರೆಯೋಕೆ ಏನಾದ್ರೂ ಇರುತ್ತೆ." ಹನ್ನೆರಡೂವರೆಯ ಎದುರು ಬರೆದದ್ದನ್ನು ಓದಿದೆ: ಅಳಿಯಂದಿರು ವೈರು ಎಡವಿದರು.

"ಎಡವಲಿಲ್ಲ, ಕಾಲು ತಾಗಿತು."

"ಹಾಗೇ ತಿದ್ದಲಾ?"

"ಬೇಡ ಬಿಡಿ."

ರಾತ್ರಿ ಪ್ಯಾನೆಲ್ಲು ತೆಗೆದ ಮೇಲೂ ಮೆಷಿನ್ನು ಒಂದು ಕ್ಷಣ ನಿಲ್ಲಲಿಲ್ಲ. ಲೆಕ್ಕ ಹಾಕಿದರೆ ಹದಿನೇಳು ಗಂಟೆಗೆ ಹತ್ತು ನಿಮಿಷ ಜಾಸ್ತಿಯೇ ಬರುತ್ತದೆ. ಆ ಹತ್ತು ನಿಮಿಷ ಅಂಗಡಿಯವಳಿಗೆ ಹೇಳಬಾರದು, ತಲೆಗೇರುತ್ತದೆ.

ಫೆಬ್ರವರಿ 25, ಭಾನುವಾರ

ವ್ಯಾನು ಸಿದ್ಧವಾಯಿತು. ಈ ವ್ಯಾನು ನಾನು ನಿವೃತ್ತಿಯ ಹುರುಪಿನಲ್ಲಿ ಬೇಕರಿಯವರಿಂದ ತೆಗೆದುಕೊಂಡದ್ದು. ಎರಡೂ ಬದಿಗೆ ಆಳೆತ್ತರದ ಬ್ರೆಡ್ಡಿನ ಚಿತ್ರ ಇದೆ, ಅಳಿಸಿದರೆ ಬಣ್ಣ ಕಿತ್ತು ತಗಡು ಕಾಣಿಸುತ್ತದೆ. ಒಳಗೆ ಟ್ರೇ ಇಡುವ ಅಟ್ಟಣಿಗೆ ಬಿಚ್ಚಿ ಮಂಚ ಕೂರಿಸಿದೆ. ಮಂಚದ ಕೆಳಗೆ ಪೆಟ್ಟಿಗೆ, ಬೆಲ್ಟು ಹಾಕಿ ಕಟ್ಟಿದ್ದೇನೆ. ಪೆಟ್ಟಿಗೆಯಿಂದ ಹೊರಟ ವೈರಿಗೆ ಗೇಣು ದೂರದಲ್ಲೇ ಫ್ಯೂಸು. ದಾರಿಯಲ್ಲಿ ಇಂಜಿನ್ ಓಡುತ್ತಿರುವಾಗ ಮೆಷಿನ್ನು ವ್ಯಾನಿನದೇ ಸಾಕೆಟ್ಟಿಗೆ, ನಿಂತ ಮೇಲೆ ಪೆಟ್ಟಿಗೆಗೆ.

ಅತ್ತೆಯವರನ್ನು ಒಳಗೆ ಹತ್ತಿಸಿ ಒಂದು ಗಂಟೆ ಮಲಗಿಸಿ ನೋಡಿದೆ. ಅಷ್ಟರಲ್ಲಿ ಎದುರು ಮನೆಯವಳು ಚೀಲ ಹಿಡಿದು ಬಂದಳು.

"ಇವತ್ತಿನದಾ?" ಎಂದಳು.

ಒಳಗಿನಿಂದ ಅತ್ತೆ, "ಎಪ್ಪತ್ತೈದು ವರ್ಷದ್ದು, ಗಟ್ಟಿಯಾಗಿದೆ," ಎಂದರು. ಅವಳು ಚೀಲ ಬಿಟ್ಟು ಓಡಿದಳು.

ನಕ್ಕದ್ದಕ್ಕೆ ಅತ್ತೆಗೆ ಉಸಿರು ಸಿಕ್ಕಿಕೊಂಡಿತು. ಎರಡು ನಿಮಿಷ ಕಣ್ಣು ಮುಚ್ಚಿ ಕೂತರು. ತುಟಿ ನೀಲಿಯಾಗಿತ್ತು. ನಾನು ಮೆಷಿನ್ನಿನ ಗುಂಡಿ ಹಿಡಿದುಕೊಂಡು ಮಂಡಿಯೂರಿದ್ದೆ.

"ಹೆದರಿಕೆ ಆಯ್ತಾ?" ಎಂದರು, ಕಣ್ಣು ಬಿಟ್ಟು.

"ಐವತ್ತು ಜನರನ್ನ ಕೂರಿಸ್ಕೊಂಡು ಘಾಟಿ ಇಳಿಸಿದೀನಿ. ನಾನು ಹೆದರ್ತೀನಾ."

"ಅವರ ಉಸಿರು ಅವರೇ ಆಡ್ತಿದ್ರಲ್ಲ."

ಮೆಷಿನ್ನಿನ ವೈರನ್ನು ಇನ್ನೊಂದು ಸಲ ಒತ್ತಿ ನೋಡಿದೆ.

ಮಾರ್ಚ್ 1, ಶುಕ್ರವಾರ

ಎಲ್ಲ ತುಂಬಿಸಿಯಾಯಿತು. ಪೆಟ್ಟಿಗೆ ನೂರಕ್ಕೆ ನೂರು. ಹೆಂಡತಿ ಬಾಗಿಲಲ್ಲಿ ನಿಂತಿದ್ದಳು, ಮುಖ ಸಪ್ಪಗೆ. ಮಾತ್ರೆಯ ಡಬ್ಬಿ ಎಲ್ಲಿ ಎಂದು ಅತ್ತೆ ಕೇಳಿದರು, ಮುಂದಿನ ಸೀಟಿನ ಕೆಳಗೆ ಎಂದೆ. ಕಂಬಳಿ ಒಂದು ಸಾಕೇ ಎಂದು ಕೇಳಿದೆ, ಎರಡಿರಲಿ ಎಂದರು.

"ಈಗೀಗ ನನ್ನ ಯಾರೂ ಏನೂ ಕೇಳೋದೇ ಇಲ್ಲ," ಎಂದಳು ಹೆಂಡತಿ.

ಯಾಕೆ ಹಾಗೆಂದಳೋ ಗೊತ್ತಾಗಲಿಲ್ಲ. ಪರೀಕ್ಷೆಯ ಕೆಲಸದ ಒತ್ತಡ ಇರಬೇಕು.

ಮಾರ್ಚ್ 2, ಶನಿವಾರ, ಮಧ್ಯಾಹ್ನ

ಹನ್ನೊಂದಕ್ಕೆ ಕೆರೆ ತಲುಪಿದೆವು. ಗೇಟಿನ ಕಾವಲುಗಾರ ಒಂದು ಪೌಂಡು ಬ್ರೆಡ್ಡು ಕೇಳಿದ. ಇಲ್ಲವೆಂದರೆ ನಂಬಲಿಲ್ಲ, ಹಿಂದಿನ ಬಾಗಿಲು ತೆರೆಸಿ ನೋಡಿದ. ಮಂಚದ ಮೇಲೆ ನಳಿಕೆ ಹಾಕಿಕೊಂಡು ಕೂತಿದ್ದ ಅತ್ತೆಯನ್ನು ಕಂಡು ಕೈ ಮುಗಿದ.

ಐವರೂ ಬಂದಿದ್ದರು. ಅವರ ಗಾಡಿಗಳು ಬಯಲಿನ ಮಧ್ಯೆ ಉರಿಬಿಸಿಲಲ್ಲಿ ಎಲ್ಲೆಂದರಲ್ಲಿ ನಿಂತಿದ್ದವು. ಅವರ ಡ್ರೈವರುಗಳಿಗೆ ಗಾಡಿ ನಿಲ್ಲಿಸುವ ವಿದ್ಯೆ ಯಾರೂ ಕಲಿಸಿದಂತಿಲ್ಲ. ಇಡೀ ಬಯಲಿಗೆ ಒಂದೇ ಒಂದು ದೊಡ್ಡ ಮರ. ಕೊಂಬೆಗಳ ನಡುವೆ ಒಂದು ವ್ಯಾನು ಹಿಡಿಸುವಷ್ಟೇ ಸಂದು. ಕನ್ನಡಿ ನೋಡಿಕೊಂಡು ಒಂದೇ ಸಲಕ್ಕೆ ಹಿಮ್ಮುಖ ತೆಗೆದುಕೊಂಡು ನಿಲ್ಲಿಸಿದೆ. ಮೂವತ್ತೊಂದು ವರ್ಷದಲ್ಲಿ ಒಂದು ದಿನವಾದರೂ ನನ್ನ ಬಸ್ಸಿನ ಸೀಟು ಪ್ರಯಾಣಿಕರನ್ನು ಸುಟ್ಟದ್ದಿಲ್ಲ. ಎಲ್ಲಿ ನೆರಳೋ ಅಲ್ಲಿ ನನ್ನ ಗಾಡಿ. ಡಿಪೋದಲ್ಲಿ ಇದಕ್ಕೆ ಹೆಸರುವಾಸಿ ನಾನು.

ಅತ್ತೆ ತಂಪಾಗಿ ಕೂತಿದ್ದಾರೆ. ಪ್ಯಾನೆಲ್ಲನ್ನು ವೈರು ಎಟುಕುವಷ್ಟು ಮುಂದೆ, ಕೊಂಬೆಗಳ ನಡುವೆ ಬಿಸಿಲು ಬಿದ್ದ ಕಡೆ ಬಿಡಿಸಿಟ್ಟೆ. ನೂರ ನಲವತ್ತು ವ್ಯಾಟು ಬರುತ್ತಿದೆ. ಐವರೂ ಅತ್ತೆಯ ಸುತ್ತ ಕೂತು ಒಂದೇ ಸಲ ಮಾತಾಡುತ್ತಿದ್ದಾರೆ, ಯಾರು ಯಾರ ಮಾತು ಕೇಳುತ್ತಾರೋ ದೇವರಿಗೇ ಗೊತ್ತು. ಐದು ಗಂಟೆ ಗಾಡಿ ಓಡಿಸಿದ್ದೇನೆ. ಒಂದು ನಿದ್ದೆ.

ಅದೇ ದಿನ, ಸಂಜೆ ಆರೂವರೆ

ಆರಕ್ಕೆ ಕಾಲು ಗಂಟೆ ಇದ್ದಾಗ ಎಚ್ಚರವಾಯಿತು. ಪರದೆ ನೋಡಿದೆ. ಒಳಗೆ ಬರುತ್ತಿರುವುದು: ನಾಲ್ಕು ವ್ಯಾಟು. ಪ್ಯಾನೆಲ್ಲಿನ ಮೇಲೆ ಕೊಂಬೆಯ ನೆರಳು ಸೊಗಸಾಗಿ ಕಾಲು ಚಾಚಿ ಮಲಗಿತ್ತು. ನಾನು ಮಲಗಿದ ಸ್ವಲ್ಪ ಹೊತ್ತಿಗೇ ಅದೂ ಮಲಗಿರಬೇಕು.

ಹನ್ನೊಂದರಿಂದ ಪೆಟ್ಟಿಗೆ ಕೊಡುತ್ತಲೇ ಇದೆ, ತೆಗೆದುಕೊಂಡದ್ದು ಹೆಚ್ಚೇನೂ ಇಲ್ಲ. ಉಳಿದದ್ದು ಹತ್ತು ಗಂಟೆ. ನಾಳೆ ಎಂಟರ ಹೊತ್ತಿಗೆ ಬಿಸಿಲು ಬಲಿಯುತ್ತದೆ, ಅಲ್ಲಿಗೆ ಹದಿನಾಲ್ಕು ಗಂಟೆ. ನಾಲ್ಕು ಗಂಟೆ ಕಡಿಮೆ. ಮೂರು ಸಲ ಕಳೆದು ನೋಡಿದೆ, ಪ್ರತಿ ಸಲವೂ ನಾಲ್ಕೇ.

ಗೇಟು ಹಾಕಲು ಕಾಲು ಗಂಟೆ. ಈಗ ಹೊರಟರೆ ದಾರಿಯಲ್ಲಿ ಇಂಜಿನ್ನಿನಿಂದಲೇ ಮೆಷಿನ್ನು ಓಡುತ್ತದೆ, ಹನ್ನೊಂದಕ್ಕೆ ಮನೆ. ಓಡಿ ಹೋಗಿ ಪ್ಯಾನೆಲ್ಲು ಮಡಚತೊಡಗಿದೆ.

"ಏನದು?" ಎಂದರು ಅತ್ತೆ.

"ಹೊರಡೋಣ. ತಪ್ಪಾಯ್ತು. ನೆರಳಲ್ಲಿ ನಿಲ್ಲಿಸಿಬಿಟ್ಟೆ."

"ಎಷ್ಟು ಕಡಿಮೆ?"

"ನಾಲ್ಕು ಗಂಟೆ."

"ನಾನು ಇವತ್ತಿನ ನಾಲ್ಕು ಗಂಟೆ ಇನ್ನೂ ಮುಟ್ಟಿಲ್ಲ. ಎಂಟಕ್ಕೆ ನಳಿಕೆ ತೆಗೀತೀನಿ, ಹನ್ನೆರಡಕ್ಕೆ ಹಾಕ್ಕೊಳ್ತೀನಿ."

"ಎಚ್ಚರವಾಗಿರ್ಬೇಕು ಅಂದಿದಾರೆ. ದಿನಾ ಎಂಟೂವರೆಗೆ ತೂಕಡಿಸ್ತೀರಿ ನೀವು. ನಿದ್ದೆ ಬಂತು ಅಂದ್ರೆ?"

"ಬರದ ಹಾಗೆ ನೋಡ್ಕೊಳ್ಳಿ."

"ಅತ್ತೆ, ಇದು ಆಟ ಅಲ್ಲ."

"ಎರಡು ವರ್ಷದಿಂದ ಯಾರೂ ನನ್ನ ಜೊತೆ ಆಟ ಆಡಿಲ್ಲ," ಎಂದರು. ನಳಿಕೆ ಸರಿಮಾಡಿಕೊಂಡರು. "ಇವರನ್ನೆಲ್ಲ ಮತ್ತೆ ನೋಡಲ್ಲ ನಾನು. ಗೇಟು ಹಾಕ್ಕೊಳ್ಳಲಿ."

ಸೂಪರ್‌ವೈಸರಮ್ಮ ನನ್ನ ಕೈಯಿಂದ ಪ್ಯಾನೆಲ್ಲು ತೆಗೆದುಕೊಂಡು ಕೆಳಗಿಟ್ಟರು. ಕಾವಲುಗಾರನ ಹತ್ತಿರ ಓಡಿಹೋಗಿ ಮಾತಾಡಿ ಬಂದೆ. ಆಸ್ಪತ್ರೆ ಮುಕ್ಕಾಲು ಗಂಟೆ, ಆಪತ್ತು ಬಂದರೆ ಗೇಟು ತೆಗೆಯುತ್ತಾನಂತೆ, ಆಗ ಇಂಜಿನ್ನಿಗೆ ಹಕ್ಕಿಗಳ ಅಪ್ಪಣೆ ಬೇಕಿಲ್ಲವಂತೆ. ಕೀಲಿ ಗಾಡಿಯಲ್ಲೇ ಬಿಟ್ಟಿದ್ದೇನೆ.

ಗೇಟು ಹಾಕಿದ ಸದ್ದು ಕೇಳಿತು.

ಮಾರ್ಚ್ 3, ರಾತ್ರಿ ಹನ್ನೆರಡೂಕಾಲು

ಟಾರ್ಚಿನ ಬೆಳಕಿನಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟ. ಇರಲಿ.

ಎಂಟಕ್ಕೆ ನಳಿಕೆ ತೆಗೆದರು. ಕುರ್ಚಿ ಹೊರಗೆ ಹಾಕಿ, ಎರಡು ಕಂಬಳಿ ಹೊದಿಸಿ ಕೂರಿಸಿದೆವು. ಐವರೂ ಅವರವರ ಡ್ರೈವರುಗಳೂ ಸುತ್ತ ಕೂತರು. ಅತ್ತೆ ಕಥೆ ಶುರು ಮಾಡಿದರು. ಯಾವ ಕಥೆ? ಈ ಬ್ರೆಡ್ ವ್ಯಾನಿನದೇ. ಬಸ್ಸಿನ ಬ್ಯಾಟರಿ ನಡುಮನೆಯಲ್ಲಿ ನಾರಿದ್ದು, ನಾನು ವೈರು ಎಡವಿದ್ದು, ಎಲ್ಲ. ಒಂದು ಉಸಿರಿಗೆ ಮೂರು ಮಾತು, ಆಮೇಲೆ ನಿಲ್ಲಿಸುವುದು. ಆ ನಿ‌ಲ್ಲಿಸಿದ ಹೊತ್ತಿನಲ್ಲಿ ಕೇಳುವವರು ಬಾಯಿ ತೆರೆದುಕೊಂಡು ಕಾಯುತ್ತಿದ್ದರು. ಉಸಿರಿಲ್ಲದ್ದೂ ಕಥೆಗೆ ಇಷ್ಟು ಒದಗಿಬರುತ್ತದೆಂದು ನನಗೆ ಗೊತ್ತಿರಲಿಲ್ಲ.

ಒಂಬತ್ತೂಮುಕ್ಕಾಲಿಗೆ ಮಾತು ಎರಡಕ್ಕಿಳಿಯಿತು. ಆಮೇಲೆ ಒಂದು. ರೆಪ್ಪೆ ಭಾರವಾಗತೊಡಗಿತು.

"ನೀವು ಹೇಳಿ," ಎಂದರು ನನಗೆ.

ನನಗೆ ಕಥೆ ಹೇಳಿ ಗೊತ್ತಿಲ್ಲ. ಗೊತ್ತಿರುವುದು, ಅಡ್ಡ ಬಂದವರಿಗೆ ಹಾರನ್ ಹೊಡೆಯುವುದು. ಆದರೆ ತಲೆ ಎದೆಗೆ ವಾಲುವುದು ಕಂಡಿತು. ಶುರು ಮಾಡಿಬಿಟ್ಟೆ. ಸೂರ್ಯವಂಶದವನ ಕಥೆ ಹೇಳಿದೆ, ಅವನು ಎರಡನೇ ಸಲ ಬಡಿಸಿಕೊಳ್ಳುವ ಹಾಗೆ ತಟ್ಟೆ ಹಿಡಿದು ತೋರಿಸಿದೆ. ಅಂಗಡಿಯವಳು ನನ್ನನ್ನು ನೋಡಿದ ಹಾಗೆಯೇ ಅವರನ್ನು ನೋಡಿದೆ. ಬಸ್ಸಿನಲ್ಲಿ ಕಂಡ ಜಗಳ, ಒಬ್ಬರ ಟಿಕೆಟ್ಟು ಇನ್ನೊಬ್ಬರ ಮೇಕೆ ತಿಂದದ್ದು, ಇಳಿಯುವ ಊರು ಮರೆತು ಎರಡು ಸಲ ಹೋಗಿಬಂದ ಮದುವೆಯ ಗಂಡು, ಬಾಯಿಗೆ ಬಂದದ್ದೆಲ್ಲ ಹೇಳಿದೆ. ರೆಪ್ಪೆ ಇಳಿದಾಗಲೆಲ್ಲ ದನಿ ಏರಿಸಿದೆ. ಒಮ್ಮೆ ಪೂರ್ತಿ ಮುಚ್ಚಿತು. ಭುಜ ಹಿಡಿದು, "ಅತ್ತೆ, ಆ ಮದುವೆ ಗಂಡು ಯಾರು ಅಂತ ಗೊತ್ತಾಯ್ತಾ?" ಎಂದು ಕೂಗಿದೆ.

"ನೀವೇ," ಎಂದರು, ಕಣ್ಣು ಬಿಡದೆ. "ಮೂರು ಗಂಟೆ ತಡ."

ನಾನಲ್ಲ. ಆದರೆ ನಗು ಎದ್ದಿತು, ಅವರಿಗೆ ಎಚ್ಚರವಾಯಿತು, ನಾನೇ ಎಂದು ಒಪ್ಪಿಕೊಂಡೆ.

ಹನ್ನೆರಡಕ್ಕೆ ನಳಿಕೆ ಹಾಕಿದೆ. ಮೆಷಿನ್ನು ಗುರ್ರ್ ಎಂದಿತು. ಇಷ್ಟು ಇಂಪಾದ ಸದ್ದು ಅದು ಮೊದಲು ಮಾಡಿದ್ದಿಲ್ಲ. ಈಗ ಮಲಗಿದ್ದಾರೆ. ಪೆಟ್ಟಿಗೆಯಲ್ಲಿ ಎಂಟು ಗಂಟೆ ಇದೆ, ಎಂಟಕ್ಕೆ ಖಾಲಿ. ನಾನು ಮರದ ಬುಡದಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದೇನೆ. ಆರು ಹೊಡೆದ ತಕ್ಷಣ ಇಂಜಿನ್ ಹಾಕಿ ಗಾಡಿಯನ್ನು ಬಿಸಿಲಿಗೆ ತಂದುಬಿಡಬೇಕು. ಒಂದು ರಾತ್ರಿ ಎಚ್ಚರವಿರುವುದು ನನಗೇನು ಹೊಸದೇ.

ಮಾರ್ಚ್ 3, ಭಾನುವಾರ

ಎಂಟೂಮುಕ್ಕಾಲಿಗೆ ಎಚ್ಚರವಾಯಿತು.

ಮರ ಇತ್ತು. ಕುರ್ಚಿ ಇತ್ತು. ಕುರ್ಚಿಯಲ್ಲಿ ನಾನಿದ್ದೆ, ಮೈಮೇಲೆ ಯಾರದೋ ಕಂಬಳಿ. ವ್ಯಾನು ಇರಲಿಲ್ಲ. ನೆಲದಲ್ಲಿ ನಾಲ್ಕು ಚಕ್ರದ ಗುರುತು. ಆಸ್ಪತ್ರೆ, ಎಂದುಕೊಂಡೆ. ಎದ್ದು ಆ ಗುರುತಿನ ಹಿಂದೆ ನಡೆದೆ. ಅತ್ತೆ ಎಂದು ಕೂಗಿದೆ. ಇಷ್ಟು ವರ್ಷ ಹೆಂಡತಿಯ ಮೂಲಕ ಹೇಳಿದ್ದೆಲ್ಲ ಆ ಒಂದು ಕೂಗಿನಲ್ಲಿತ್ತು.

ಆಗ ಕಾಣಿಸಿತು. ಬಯಲಿನ ಇಳಿಜಾರಿನಲ್ಲಿ, ನೀರಿನ ಹತ್ತಿರ, ಸುಡುವ ಬಿಸಿಲಿನಲ್ಲಿ ದೊಡ್ಡದೊಂದು ಬ್ರೆಡ್ಡು.

ಓಡಿದೆ. ಚಕ್ರಗಳ ಮುಂದೆ ಕಲ್ಲು, ಒಂದು ಬುತ್ತಿ ಡಬ್ಬಿ, ಯಾರದೋ ಕೈಚೀಲ ಒತ್ತಿಟ್ಟಿದ್ದರು. ಪ್ಯಾನೆಲ್ಲು ನೇರ ಸೂರ್ಯನ ಕಡೆ ಮುಖ ಮಾಡಿತ್ತು. ಅದರ ಎರಡೂ ತುದಿಗೆ ಒಬ್ಬೊಬ್ಬ ಹೆಂಗಸು, ಗೋಡೆಗೆ ಕನ್ನಡಿ ಹಿಡಿದವರ ಹಾಗೆ. ಇನ್ನೊಬ್ಬರು ಅತ್ತೆಯ ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದರು. ನನ್ನನ್ನು ಕಂಡು ಬಾಯಿ ಮೇಲೆ ಬೆರಳಿಟ್ಟರು.

"ಮೆಲ್ಲಗೆ. ಮಲಗಿದಾಳೆ."

ಕಿಟಕಿಯಲ್ಲಿ ಇಣುಕಿದೆ. ಅತ್ತೆ ಮಗ್ಗುಲಾಗಿ ಮಲಗಿದ್ದರು. ತುಟಿ ಕೆಂಪಗಿತ್ತು, ಬಾಯಿ ಚೂರು ತೆರೆದಿತ್ತು. ಪರದೆ: ಹದಿನಾರು. ಬರುತ್ತಿರುವುದು ನೂರ ಹತ್ತು, ಹೋಗುತ್ತಿರುವುದು ಎಪ್ಪತ್ತು.

ಆದದ್ದು ಇಷ್ಟು. ಹೆಂಗಸರು ಆರಕ್ಕೆ ಎದ್ದು ನೋಡಿದರೆ ಅತ್ತೆಯೂ ನಾನೂ ನಿದ್ದೆ. ನಮ್ಮನ್ನು ಎಬ್ಬಿಸಲು ಅವರಿಗೆ ಮನಸ್ಸಾಗಲಿಲ್ಲ. ಇಂಜಿನ್ ಹಾಕಿದರೆ ಅವಳು ಏಳುತ್ತಾಳೆ ಎಂದು ನಾಲ್ವರು ಹೆಂಗಸರು, ಅವರ ಡ್ರೈವರುಗಳು, ಬ್ರೆಡ್ಡು ಕೇಳಿದ ಕಾವಲುಗಾರ, ಎಲ್ಲ ಸೇರಿ ವ್ಯಾನನ್ನು ಮರದಡಿಯಿಂದ ಇಲ್ಲಿಯವರೆಗೆ ತಳ್ಳಿಕೊಂಡು ಬಂದರಂತೆ. ಡ್ರೈವರುಗಳೆಲ್ಲ ತಳ್ಳಲು ಬೇಕಿದ್ದರಿಂದ, ಸೂಪರ್‌ವೈಸರಮ್ಮ ಸ್ಟೀರಿಂಗ್ ಹಿಡಿಯುತ್ತೇನೆಂದು ಹಟ ಹಿಡಿದರಂತೆ.

ಮುಂದಿನ ಬಾಗಿಲಿಗೆ ಹೋದೆ. ಸೂಪರ್‌ವೈಸರಮ್ಮ ನನ್ನ ಸೀಟಿನಲ್ಲಿ ನೆಟ್ಟಗೆ ಕೂತಿದ್ದರು. ಎರಡು ಕೈಯೂ ಸ್ಟೀರಿಂಗಿನ ಮೇಲೆ, ಕಣ್ಣು ನೇರ ಕೆರೆಯ ಮೇಲೆ. ಗಾಡಿ ನಿಂತು ಎರಡು ಗಂಟೆಯಾಗಿತ್ತು.

"ಅಮ್ಮ, ಇನ್ನು ಬಿಡಬಹುದು," ಎಂದೆ.

"ಬ್ರೇಕು ಯಾವುದು ಅಂತ ಯಾರೂ ಹೇಳಲಿಲ್ಲಪ್ಪ," ಎಂದರು, ತಿರುಗದೆ. "ಅದಕ್ಕೆ ಗಟ್ಟಿಯಾಗಿ ಹಿಡ್ಕೊಂಡಿದೀನಿ."

ಕೈ ಚಾಚಿ, ಸದ್ದಾಗದ ಹಾಗೆ, ಹ್ಯಾಂಡ್ ಬ್ರೇಕು ಮೇಲೆಳೆದೆ. ಆಮೇಲೆ ಅವರು ಒಂದೊಂದೇ ಬೆರಳು ಬಿಡಿಸಿದರು.